ನಾಲ್ಕು ಕೆಂಪು ಹಿಮ್ಮಡಿ

ನಾಲ್ಕೂ ಹಿಮ್ಮಡಿ ಕೆಂಪಗಿದ್ದವು. ಒಡೆದ ಚರ್ಮದ ಒಂದೊಂದು ಬಿರುಕಿನಲ್ಲೂ ಕಾವಿಪುಡಿ ಕೂತು, ಎಷ್ಟು ಉಜ್ಜಿದರೂ ಹೋಗದ ಹಾಗೆ ಬಣ್ಣ ಹಿಡಿದಿತ್ತು. ಸಂಜೆ ಕೆಲಸ ಮುಗಿಸಿ ಇಬ್ಬರೂ ಬೀದಿಗೆ ತಾಗಿದ ಜಗಲಿಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತರೆ, ಬೀದಿ ನಲ್ಲಿಗೆ ಹೊರಟ ಹೆಂಗಸರು, "ಮದುವಣಗಿತ್ತಿಯರು ಆಲ್ತಾ ಹಚ್ಚಿಕೊಂಡು ಕೂತಿದ್ದಾರೆ ನೋಡೇ" ಎಂದು ನಗುತ್ತಿದ್ದರು. ಬಂಗಾಳದ ಹೆಣ್ಣುಮಕ್ಕಳು ಮದುವೆಗೆ, ಪೂಜೆಗೆ ಪಾದದ ಅಂಚಿಗೆ ಹಚ್ಚಿಕೊಳ್ಳುವ ಕೆಂಪು ಬಣ್ಣವೇ ಆಲ್ತಾ. ಮಾಸ್ತರು ಆ ಮಾತಿಗೆ ಕಾಲ್ಬೆರಳು ಕುಣಿಸಿ ತೋರಿಸುವರು. ಮಿಸ್ತ್ರಿಚಾಚಾ ನಾಚಿಕೊಂಡು ಲುಂಗಿಯೊಳಗೆ ಕಾಲು ಎಳೆದುಕೊಳ್ಳುವರು. ಅವರ ಎಡಗಾಲಿನ ಕಿರುಬೆರಳಿಗೆ ಉಗುರಿರಲಿಲ್ಲ. ಯಾವ ಕಾಲದಲ್ಲೋ ಇಟ್ಟಿಗೆ ಬಿದ್ದು ಹೋಗಿತ್ತಂತೆ.

ಕಲ್ಕತ್ತೆಗೆ ಕೆಂಪು ಸರ್ಕಾರ ಬಂದ ವರ್ಷವೇ ನಾವೂ ಬಂದೆವು. ಅಪ್ಪಯ್ಯನಿಗೆ ಬ್ಯಾಂಕಿನಲ್ಲಿ ವರ್ಗವಾಗಿತ್ತು. ಎರಡು ವರ್ಷ ಕಣ್ಣುಮುಚ್ಚಿ ಕಳೆದರೆ ಕುಂದಾಪುರದ ಕಡೆಗೆ ಮತ್ತೆ ಹಾಕಿಸಿಕೊಳ್ಳಬಹುದು ಎಂದು ಬಂದವರು. ಸರ್ಕಾರವೂ ಹೋಗಲಿಲ್ಲ, ನಾವೂ ಹೋಗಲಿಲ್ಲ. ಲೇಕ್ ಮಾರ್ಕೆಟ್ಟಿನ ಹಿಂದಿನ ಗಲ್ಲಿಯ ಒಂದು ಹಳೇ ಮನೆಯ ಕೆಳಗಿನ ಭಾಗದಲ್ಲಿ ನಾವು ಬಾಡಿಗೆಗಿದ್ದೆವು. ಹಿಂದಿನ ಅಂಗಳದ ಆಚೆ, ಹಿಂದೆ ಕಾರು ನಿಲ್ಲಿಸುತ್ತಿದ್ದ ಶೆಡ್ಡೂ ಅದರ ಪಕ್ಕದ ಕೋಣೆಯೂ ಮಾಸ್ತರರದು. ಶಾಲೆಯೊಂದರಲ್ಲಿ ಚಿತ್ರ ಕಲಿಸುತ್ತಿದ್ದರು. ಮದುವೆಯಾಗಿರಲಿಲ್ಲ. ಉದ್ದ ಕೈ, ಉದ್ದ ಮೂಗು, ಮಾತು ಮಾತ್ರ ಗಿಡ್ಡ. ಮಿಸ್ತ್ರಿಚಾಚಾ ನೆಲ ಹಾಕುವ ಗಾರೆ ಕೆಲಸದವರು. ದಕ್ಷಿಣದ ಲೋಕಲ್ ರೈಲಿನಲ್ಲಿ ದಿನಾ ಬಂದು ಹೋಗುತ್ತಿದ್ದರು. ಇಬ್ಬರ ಹೆಸರೂ ನನಗೆ ಗೊತ್ತು. ಆದರೆ ಹೆಸರಿನ ವಿಷಯದಲ್ಲಿ ನಾನು ಒಮ್ಮೆ ಮಾಡಿದ ಕೆಲಸ ಸಾಕು. ಇಲ್ಲಿ ಮಾಸ್ತರು, ಮಿಸ್ತ್ರಿಚಾಚಾ ಎಂದೇ ಬರೆಯುತ್ತೇನೆ. ಅವರು ಬಂಗಾಳಿಯಲ್ಲಿ ಆಡಿದ್ದು ನನಗೆ ಕನ್ನಡದಲ್ಲಿ ನೆನಪಿದೆ, ಹಾಗೇ ಬರೆಯುತ್ತೇನೆ.

ಅವರಿಬ್ಬರನ್ನು ಸೇರಿಸಿದ್ದು ಅದೇ ಜಗಲಿಕಟ್ಟೆ. ಕಲ್ಕತ್ತೆಯ ಹಳೇ ಮನೆಗಳಲ್ಲಿ ಒಳಗಿನ ನೆಲದಂತೆ ಹೊರಗಿನ ಕಟ್ಟೆಯೂ ಕೆಂಪು ಗಾರೆಯದು, ಕರಿ ಅಂಚು ಕಟ್ಟಿದ್ದು. ನಮ್ಮ ಕಟ್ಟೆ ಬಿರುಕು ಬಿಟ್ಟಾಗ ಮನೆ ಯಜಮಾನರು ತೇಪೆ ಹಾಕಲು ಮಿಸ್ತ್ರಿಚಾಚಾನನ್ನು ಕರೆಸಿದರು. ಅವರು ಒಪ್ಪಲಿಲ್ಲ.

"ಕೆಂಪು ನೆಲಕ್ಕೆ ತೇಪೆ ಹಾಕುವುದು ಅಂದರೆ ಮುಖಕ್ಕೆ ಬೇರೆಯವರ ಚರ್ಮ ಹೊಲಿದ ಹಾಗೆ, ಬಾಬು. ಹಾಕಿದರೆ ಪೂರ್ತಿ ಹಾಕುತ್ತೇನೆ. ಇಲ್ಲದಿದ್ದರೆ ಬಿರುಕೇ ಚಂದ."

ಹೊಸ ಕಟ್ಟೆ ಹಾಕಿದ ದಿನ ಮಾಸ್ತರು ಶಾಲೆಗೆ ರಜೆ ಹಾಕಿ ಎದುರು ಮನೆಯ ಮೆಟ್ಟಿಲ ಮೇಲೆ ಬೆಳಗಿನಿಂದ ಸಂಜೆವರೆಗೆ ಕೂತು ನೋಡಿದರು. ಕಾವಿ ಬೆರೆಸಿದ ಸಿಮೆಂಟು ಕರಣೆಯ ಕೆಳಗೆ ಮೆಲ್ಲಗೆ ಮಿನುಗಲು ಶುರುವಾಗುವ ಹೊತ್ತಿದೆಯಲ್ಲ, ಆಗ ಅವರ ಬಾಯಿ ಅರ್ಧ ತೆರೆದಿತ್ತು. ನಾನು ಅಮ್ಮನನ್ನು ಕರೆದು ತೋರಿಸಿ ನಕ್ಕಿದ್ದೆ.

ಮುಂದಿನ ಭಾನುವಾರ ಮಾಸ್ತರು ಮಿಸ್ತ್ರಿಚಾಚಾನ ಮುಂದೆ ಒಂದು ದಿಂಬು ತಂದಿಟ್ಟರು. ತಂತಿಬಲೆ ಮತ್ತು ಇಟ್ಟಿಗೆ ಚೂರಿನ ಗಾರೆಯಲ್ಲಿ ಮಾಡಿದ ದಿಂಬು. ನಡುವೆ ತಲೆ ಇಟ್ಟ ಗುಳಿ. ಇದಕ್ಕೆ ಕೆಂಪು ನೆಲ ಹಾಕಿಕೊಡು ಎಂದರು. ಮಿಸ್ತ್ರಿಚಾಚಾ ಬಿದ್ದು ಬಿದ್ದು ನಕ್ಕರು. "ದಿಂಬಿಗೆ ನೆಲವೇ?" ಎಂದರು. ಆದರೆ ಹಾಕಿದರು. ಹತ್ತು ದಿನ ಬಿಟ್ಟು ಅದು ಹೊಳೆದು ನಿಂತಾಗ ನನ್ನ ಅಮ್ಮ ಅಂಗಳಕ್ಕೆ ಹೋಗಿ ಆ ಗುಳಿಯಲ್ಲಿ ಅಂಗೈ ಇಟ್ಟು ನೋಡಿ, "ಯಾರೋ ಈಗಷ್ಟೇ ಎದ್ದ್ ಹೋದಂಗಿತ್ತ್ ಕಾಣ್" ಎಂದಳು. ಅವಳ ಕಣ್ಣು ತುಂಬಿತ್ತು. ಊರಲ್ಲಿ ಅವಳ ಅಪ್ಪ ತೀರಿಕೊಂಡು ಆಗ ಒಂದು ತಿಂಗಳೂ ಆಗಿರಲಿಲ್ಲ, ಹೋಗಲು ರೈಲಿನಲ್ಲಿ ಜಾಗ ಸಿಕ್ಕಿರಲಿಲ್ಲ.

ಹೀಗೆ ಶುರುವಾಗಿ ಆರು ವರ್ಷ ಆ ಶೆಡ್ಡಿನಲ್ಲಿ ಇಬ್ಬರೂ ದುಡಿದರು. ನೆಲದ ಮೇಲೆ ಇರುವುದನ್ನೇ ನೆಲದಿಂದ ಮಾಡುತ್ತಿದ್ದರು. ಮುದುರಿ ಮಲಗಿದ ನಾಯಿ, ಈಳಿಗೆಮಣೆ, ಮಡಿಸಿ ಬಿಟ್ಟ ಚಾಪೆ, ಬೆನ್ನು ಮಾಡಿ ಕೂತ ಮುದುಕ. ಮಾಸ್ತರು ಒಳಗಿನ ಆಕಾರ ಕಟ್ಟುವರು. ಮಿಸ್ತ್ರಿಚಾಚಾ ಮೇಲಿನ ಕೆಂಪು ಗಾರೆ ಹಾಕಿ ಮೆರುಗು ಕೊಡುವರು. ಆದರೆ ಇಷ್ಟು ಅವನದು, ಇಷ್ಟು ಇವನದು ಎಂದು ಗೆರೆ ಎಳೆಯಲು ಬರುತ್ತಿರಲಿಲ್ಲ. ಹೆಗಲು ಚಪ್ಪಟೆಯಾಯಿತು ಎಂದು ಮಿಸ್ತ್ರಿಚಾಚಾ ಹೇಳಿದರೆ ಮಾಸ್ತರು ಮರುಮಾತಿಲ್ಲದೆ ಒಡೆದು ಮತ್ತೆ ಕಟ್ಟುತ್ತಿದ್ದರು. ಮಾಸ್ತರು ಇವರನ್ನು ಕರೆಯುತ್ತಿದ್ದದ್ದು "ಉಸ್ತಾದ್" ಎಂದು. ಇವರು ಅವರನ್ನು "ಮಾಸ್ಟರ್‌ಬಾಬು" ಎನ್ನುವರು. ಒಬ್ಬರಿಗೊಬ್ಬರು ಗುರುಗಳು, ಶಿಷ್ಯರು ಯಾರೂ ಇಲ್ಲ ಎಂದು ಅಪ್ಪಯ್ಯ ತಮಾಷೆ ಮಾಡುತ್ತಿದ್ದರು. ನನ್ನನ್ನು ಮಾಸ್ತರು "ಮಾ" ಎಂದೂ, ಮಿಸ್ತ್ರಿಚಾಚಾ "ಖುಕಿ", ಅಂದರೆ ಪುಟ್ಟಿ, ಎಂದೂ ಕರೆಯುವರು.

ಆ ಕೆಲಸಕ್ಕೆ ಒಂದು ಕಟ್ಟಳೆಯಿತ್ತು. ಕೆಂಪು ಗಾರೆ ಆಕಾರದ ಮೈಮೇಲೆ ಬಿದ್ದ ಗಳಿಗೆಯಿಂದ ಮೆರುಗು ಕೂರುವವರೆಗೆ, ಅಂದರೆ ಎರಡು ಮೂರು ತಾಸು, ಕೈ ನಿಲ್ಲಿಸುವ ಹಾಗಿಲ್ಲ. ನಿಲ್ಲಿಸಿದರೆ ಅಲ್ಲೊಂದು ಗೆರೆ ಬಿದ್ದು ಸಾಯುವವರೆಗೆ ಕಾಣುತ್ತದೆ. ಅಷ್ಟು ಹೊತ್ತು ಇಬ್ಬರೂ ಮಾತೇ ಆಡುತ್ತಿರಲಿಲ್ಲ. ಬೇರೆಯವರೂ ಅವರನ್ನು ಮಾತಾಡಿಸುವಂತಿರಲಿಲ್ಲ. ಆಮೇಲೆ ಏಳು ದಿನ ಒದ್ದೆ ಗೋಣಿತಾಟು ಹೊದಿಸಿ, ಬೆಳಿಗ್ಗೆ ಸಂಜೆ ನೀರು ಕುಡಿಸಬೇಕು. "ಹುಟ್ಟಿದ ಮಗು ಇದ್ದ ಹಾಗೆ. ಏಳು ದಿನ ಬಾಯಾರಿಸಬಾರದು" ಎನ್ನುತ್ತಿದ್ದರು ಮಿಸ್ತ್ರಿಚಾಚಾ. ಆ ಕಾಲದ ಕಲ್ಕತ್ತೆಯಲ್ಲಿ ಕರೆಂಟು ಬರುವುದಕ್ಕಿಂತ ಹೋಗುವುದೇ ಹೆಚ್ಚು. ಪಂಪು ನಿಂತರೆ ಇಡೀ ಮನೆಗೆ ನೀರಿಲ್ಲ. ಅಂಥ ದಿನ ಮಾಸ್ತರು ತಮ್ಮ ಸ್ನಾನದ ಬಕೆಟ್ಟನ್ನು ಎತ್ತಿಕೊಂಡು ಹೋಗಿ ಆ ಗೋಣಿಗಳ ಮೇಲೆ ಸುರಿದು, ಒಣಮೈಯಲ್ಲಿ ಶಾಲೆಗೆ ಹೋಗುವುದನ್ನು ನಾನೇ ಕಂಡಿದ್ದೇನೆ.

ನಮ್ಮ ಕೇರಿಯ ಪಾರ್ಟಿ ಆಫೀಸಿನ ದಾದಾ ಒಬ್ಬರು, ಅಲ್ಲಿ ಅಣ್ಣನಿಗೆ ದಾದಾ ಎನ್ನುವರು, ಈ ಕೆಂಪು ನೋಡಿ ಹಿಗ್ಗಿದ್ದರು. ಮೂಲೆಯಲ್ಲಿ ನಿಲ್ಲಿಸಲು ಎತ್ತಿದ ಮುಷ್ಟಿ ಒಂದು ಮಾಡಿಕೊಡಿ ಎಂದು ಬಂದರು. ಮಾಸ್ತರು ತಲೆ ಕೆರೆದುಕೊಂಡರು. ಮಿಸ್ತ್ರಿಚಾಚಾ ಅಂಗೈ ಚಾಚಿ ತೋರಿಸಿ, "ದಾದಾ, ಈ ಕೈ ಮುಷ್ಟಿ ಮಾಡಿದರೆ ಕರಣೆ ಹಿಡಿಯುವವರು ಯಾರು?" ಎಂದರು. ದಾದಾ ಚಾ ಕುಡಿದು ಹೋದರು.

ಚಾದ ವಿಷಯ ಬಂತು, ಹೇಳಿಯೇ ಬಿಡುತ್ತೇನೆ. ನಮ್ಮ ಅಡುಗೆಮನೆಯ ಕಿಟಕಿ ಅಂಗಳಕ್ಕೆ ತೆರೆಯುತ್ತಿತ್ತು. ಅದರ ಹೊರಗಿನ ಕಟ್ಟೆಯ ಮೇಲೆ ಬಾಯಿ ಒಡೆದ ಒಂದು ಗಾಜಿನ ಲೋಟ ಬೋರಲು ಬಿದ್ದಿರುತ್ತಿತ್ತು. ಅದು ಮಿಸ್ತ್ರಿಚಾಚಾನದು. ಅಮ್ಮ ಅವರ ಕೆಲಸವನ್ನು ಹೊಗಳಿದಷ್ಟು ಬಂಗಾಳದ ಕೈಮಗ್ಗದ ಸೀರೆಯನ್ನೂ ಹೊಗಳಲಿಲ್ಲ. ಅವಳು ಹುಟ್ಟಿದ ಮನೆಯಲ್ಲೂ ಕಾವಿ ನೆಲವಿತ್ತು. ಒಣ ತೆಂಗಿನ ಸಿಪ್ಪೆಯಿಂದ ಉಜ್ಜಿ, ಕೊನೆಗೊಂದು ಹನಿ ಕೊಬ್ಬರಿ ಎಣ್ಣೆ ಒರೆಸುವ ಉಪಾಯ ಇವರಿಗೆ ಹೇಳಿಕೊಟ್ಟವಳೇ ಅವಳು. ಮಿಸ್ತ್ರಿಚಾಚಾ ಅದನ್ನು "ಮಾಸಿಮಾನ ಪಾಲಿಶ್", ಅಂದರೆ ಚಿಕ್ಕಮ್ಮನ ಪಾಲಿಶ್, ಎಂದು ಎಲ್ಲರೆದುರು ಹೇಳಿಕೊಳ್ಳುತ್ತಿದ್ದರು. ಆದರೂ ಚಾ ಆದೊಡನೆ ಅಮ್ಮ, "ಹೆಣೇ, ಇಂಥ ಕೈ ನಮ್ಮೂರಗೂ ನಾ ಕಂಡದ್ದಿಲ್ಲೆ. ಹೋಯಿ ಚಾ ಕೊಟ್ಟ್ ಬಾ. ಕಿಟಕಿ ಲೋಟ ತಕೋ, ಒಳಗಿನದ್ ಮುಟ್ಟಬೇಡ" ಎನ್ನುವಳು. ಎರಡೂ ಮಾತು ಒಂದೇ ಉಸಿರಿನಲ್ಲಿ. ಮಾಸ್ತರರಿಗೆ ಒಳಗಿನ ಕಪ್ಪು, ಬಸಿ. ಮಿಸ್ತ್ರಿಚಾಚಾ ಚಾ ಕುಡಿದು, ಲೋಟವನ್ನು ಅಂಗಳದ ನಲ್ಲಿಯಲ್ಲಿ ತಾವೇ ತೊಳೆದು, ಅದೇ ಜಾಗದಲ್ಲಿ ಬೋರಲು ಹಾಕಿ ಹೋಗುವರು. ಹದಿಮೂರು ವರ್ಷದ ಹುಡುಗಿಗೂ ಅದರಲ್ಲಿ ವಿಶೇಷವೇನೂ ಕಾಣಲಿಲ್ಲ, ಹತ್ತೊಂಬತ್ತು ವರ್ಷದವಳಿಗೂ ಕಾಣಲಿಲ್ಲ.

ನನಗೆ ಹತ್ತೊಂಬತ್ತಾದ ವರ್ಷ ಅವರು ದೊಡ್ಡ ಕೆಲಸಕ್ಕೆ ಕೈಹಾಕಿದರು. ನೆಲ ಒರೆಸುವ ಹೆಂಗಸು. ಕುಕ್ಕರಗಾಲಲ್ಲಿ ಕೂತು, ಒಂದು ಕೈ ನೆಲಕ್ಕೂರಿ, ಇನ್ನೊಂದು ಕೈಯಲ್ಲಿ ಬಟ್ಟೆ ಹಿಡಿದು ಎಷ್ಟು ದೂರ ಚಾಚಬಹುದೋ ಅಷ್ಟು ಚಾಚಿದ್ದಾಳೆ. ಮುಖ ಕಾಣುವುದಿಲ್ಲ. ಆ ಭಂಗಿ ಮಿಸ್ತ್ರಿಚಾಚಾನದು. ಮಾಸ್ತರು ಬರೆದ ಹತ್ತಾರು ಚಿತ್ರ ನೋಡಿ ತಲೆಯಾಡಿಸಿ, ಕೊನೆಗೆ ತಾವೇ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಒರೆಸಿ ತೋರಿಸಿದರು.

"ನನ್ನ ಅಮ್ಮಿ ಹೀಗೆ ಒರೆಸುತ್ತಿದ್ದಳು, ಬೇರೆಯವರ ಮನೆಗಳಲ್ಲಿ. ನಾನು ಹಾಕಿದ ನೆಲ ಒರೆಸುವ ಮೊದಲೇ ಹೋಗಿಬಿಟ್ಟಳು."

ಮೂರು ತಿಂಗಳು ಹಿಡಿಯಿತು. ಆಕೆಯ ಬೆನ್ನಿನ ಮೇಲೆ ಬೆಳಕು ಬಿದ್ದರೆ, ಆಗಷ್ಟೇ ಒರೆಸಿದ ನೆಲದ ಹಸಿ ಹೊಳಪು ಅಲ್ಲಿಗೆ ಬರುತ್ತಿತ್ತು. ಚೌರಂಗಿ ಕಡೆಯ ಹಾಲೊಂದರಲ್ಲಿ ಕಲಾಸಂಘದವರ ವಾರ್ಷಿಕ ಪ್ರದರ್ಶನವಿತ್ತು. ಅಷ್ಟು ವರ್ಷ ಯಾರಿಗೂ ತೋರಿಸಬೇಕೆನ್ನದ ಮಾಸ್ತರು ಈ ಸಲ ಕಳಿಸೋಣ ಎಂದರು. ಮಿಸ್ತ್ರಿಚಾಚಾನ ಮಗಳು ಆಗ ಎಂಟನೇ ತರಗತಿ. ಪ್ರದರ್ಶನಕ್ಕೆಂದು ಅಚ್ಚು ಹಾಕಿಸುವ ಪುಸ್ತಕದಲ್ಲಿ ಅಪ್ಪನ ಹೆಸರನ್ನು ಅವಳಿಗೆ ತೋರಿಸಬೇಕು ಎಂಬುದೊಂದೇ ಅವರ ಆಸೆ. ಅದನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಬಹುಮಾನದ ಮಾತನ್ನು ಒಮ್ಮೆಯೂ ಎತ್ತಲಿಲ್ಲ.

ಅರ್ಜಿಯನ್ನು ಇಂಗ್ಲಿಷಿನಲ್ಲಿ ಟೈಪು ಮಾಡಿ ಕೊಡಬೇಕಿತ್ತು. ನಾನು ಆಗ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದೆ, ಲೋಯರ್ ಪಾಸಾದ ಜಂಬ ಬೇರೆ. ಮಾಸ್ತರು ಒಂದು ಚೀಟಿ ಬರೆದುಕೊಟ್ಟರು. ಅದರಲ್ಲಿ ಎರಡು ಹೆಸರು, ಮೇಲೆ ಮಿಸ್ತ್ರಿಚಾಚಾನದು, ಕೆಳಗೆ ತಮ್ಮದು. "ಇದೇ ಕ್ರಮದಲ್ಲಿ, ಮಾ" ಎಂದರು.

ಅರ್ಜಿಯಲ್ಲಿ ಕಲಾವಿದರ ಹೆಸರು ಎಂಬಲ್ಲಿ ಒಂದೇ ಗೆರೆಯಿತ್ತು. ಆ ಗೆರೆಯಲ್ಲಿ ಎರಡು ಹೆಸರು ಹಿಡಿಯುತ್ತಿತ್ತು. ಇಷ್ಟು ವರ್ಷ ಹಿಡಿಯುತ್ತಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ, ಸುಳ್ಳು. ನಾನು ಮಾಸ್ತರರ ಹೆಸರೊಂದನ್ನೇ ಟೈಪು ಮಾಡಿದೆ. ಕೆಳಗೆ ಸಾಮಗ್ರಿ ಎಂಬ ಜಾಗವಿತ್ತು. ಅಲ್ಲಿ ಕೆಂಪು ಸಿಮೆಂಟು, ತಂತಿಬಲೆ, ಇಟ್ಟಿಗೆ ಎಂದು ಹೊಡೆದು, ಬಿಟ್ಟುಹೋಗಬಾರದಲ್ಲ ಎಂಬ ಧಾರಾಳದಿಂದ, ಗಾರೆ ಕೆಲಸ ಎಂದು ಸೇರಿಸಿ ಮುಂದೆ ಮಿಸ್ತ್ರಿಚಾಚಾನ ಹೆಸರು ಹಾಕಿದೆ. ಕೆಟ್ಟ ಮನಸ್ಸು ಇರಲಿಲ್ಲ, ಯೋಚನೆಯೂ ಇರಲಿಲ್ಲ. ಕಲಾವಿದ ಅಂದರೆ ಓದಿದವರು, ಮಿಸ್ತ್ರಿ ಅಂದರೆ ಮಿಸ್ತ್ರಿ ಎಂದು ನನ್ನ ಬೆರಳುಗಳಿಗೇ ಗೊತ್ತಿತ್ತು. ಅದನ್ನು ಅವು ಟೈಪಿಂಗ್ ಕ್ಲಾಸಿನಲ್ಲಿ ಕಲಿತದ್ದಲ್ಲ, ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಕಲಿತದ್ದು.

ಐದು ಗಂಟೆಯೊಳಗೆ ಅರ್ಜಿ ಕೊಡಬೇಕಿತ್ತು. ಸಹಿ ಮಾಡಿಸಲು ನಾನು ಶೆಡ್ಡಿಗೆ ಓಡಿದಾಗ ಇಬ್ಬರೂ ಒಂದು ಸಣ್ಣ ಮಣೆಗೆ ಕೆಂಪು ಗಾರೆ ಹಾಕಿ ಅರ್ಧಕ್ಕೆ ಬಂದಿದ್ದರು. ಮಾತಾಡುವ ಹಾಗಿಲ್ಲ. ನಾನು ಕಾಗದ ಹಿಡಿದೆ. ಮಾಸ್ತರು ಒಂದು ಕೈಯನ್ನು ಪಂಚೆಗೆ ಒರೆಸಿಕೊಂಡು, ಇನ್ನೊಂದು ಕೈ ಗಾರೆಯ ಮೇಲೆ ಆಡುತ್ತಿರುವಂತೆಯೇ, ಓದದೆ ಸಹಿ ಹಾಕಿದರು. ಕಾಗದದ ಮೂಲೆಯಲ್ಲಿ ಕೆಂಪು ಹೆಬ್ಬೆರಳಿನ ಗುರುತಾಯಿತು. ಚೀಟಿಯಲ್ಲಿದ್ದ ಹಾಗೆ ಮಾಡಿಲ್ಲ ಎಂದು ಹೇಳಬೇಕೆನಿಸಿತು. ಆಮೇಲೆ ಹೇಳಿದರಾಯಿತು ಎಂದು ಬಸ್ಸು ಹಿಡಿದೆ. ಆಮೇಲೆ ಹೇಳಲಿಲ್ಲ.

ಪ್ರದರ್ಶನದ ಮೊದಲ ದಿನ ಮಿಸ್ತ್ರಿಚಾಚಾ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಹಿಮ್ಮಡಿಯನ್ನು ಪ್ಯೂಮಿಸ್ ಕಲ್ಲಿನಲ್ಲಿ ಉಜ್ಜಿದ್ದರಂತೆ, ಆದರೂ ಚಪ್ಪಲಿಯ ಹಿಂದೆ ಕೆಂಪು ಇಣುಕುತ್ತಿತ್ತು. ಜನ ಆ ಹೆಂಗಸಿನ ಸುತ್ತ ನಿಂತು ನೋಡುತ್ತಿದ್ದರು. ಮಾಸ್ತರರನ್ನು ಯಾರೋ ಆಚೆಗೆ ಕರೆದೊಯ್ದಿದ್ದರು. ಪಕ್ಕದಲ್ಲಿ ಗೋಡೆಗೆ ಅಂಟಿಸಿದ್ದ ಸಣ್ಣ ಚೀಟಿಯನ್ನು ಮಿಸ್ತ್ರಿಚಾಚಾ ನನಗೆ ತೋರಿಸಿದರು.

"ಖುಕಿ, ಓದು. ಏನು ಬರೆದಿದ್ದಾರೆ?"

ಅದರಲ್ಲಿದ್ದದ್ದು ನಾನು ಟೈಪು ಮಾಡಿದ್ದೇ. ಮೇಲೆ ಒಂದು ಹೆಸರು, ಕೆಳಗೆ ತಂತಿಬಲೆಯ ಸಾಲಿನಲ್ಲಿ ಇನ್ನೊಂದು.

"ಇಬ್ಬರ ಹೆಸರೂ ಇದೆ, ಚಾಚಾ" ಎಂದೆ.

"ಯಾರದು ಮೊದಲು?"

"ನಿಮ್ಮದು."

ಅವರು ಆ ಚೀಟಿಯನ್ನು ಬೆರಳ ತುದಿಯಿಂದ ಮುಟ್ಟಿದರು, ಒಣಗಿದೆಯೇ ಎಂದು ನೆಲ ಮುಟ್ಟಿ ನೋಡುವ ಹಾಗೆ. ಆಮೇಲೆ ಮೇಜಿನ ಮೇಲಿದ್ದ ಅಚ್ಚಿನ ಪುಸ್ತಕ ಒಂದನ್ನು ಕೇಳಿ ತೆಗೆದುಕೊಂಡು, ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು.

ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಒದ್ದೆ ಗೋಣಿಯಡಿ ಇದ್ದ ಆ ವಾರದ ಇನ್ನೊಂದು ಮಣೆಗೆ ಮಾಸ್ತರರೇ ನೀರು ಹಾಕಿದರು. ನಾಲ್ಕನೇ ದಿನ ಲೋಕಲ್ ಹಿಡಿದು ಅವರ ಊರಿಗೆ ಹೋದರು. ಸಂಜೆ ಮರಳಿ ಬಂದು, ಕಟ್ಟೆಯ ಮೇಲೆ ಒಬ್ಬರೇ ಕೂತರು. ನಾನು ಚಾ ತೆಗೆದುಕೊಂಡು ಹೋದೆ. ತಮಗೆ ತಾವೇ ಹೇಳಿಕೊಳ್ಳುವವರಂತೆ ಹೇಳಿದರು.

"ಮಗಳು ಓದಿ ಹೇಳಿದಳಂತೆ. 'ನಾನು ತಂತಿಬಲೆಯ ಪಕ್ಕದಲ್ಲಿದ್ದೇನೆ, ಮಾಸ್ಟರ್‌ಬಾಬು' ಎಂದ. ಅಷ್ಟೇ. ಜಗಳ ಆಡಿದ್ದರೂ ಆಗುತ್ತಿತ್ತು."

ನಾನು ಅಲ್ಲೇ ಅತ್ತುಬಿಟ್ಟೆ. ಟೈಪು ಮಾಡಿದ್ದು ನಾನು, ಈಗಲೇ ಹೋಗಿ ಚಾಚಾನಿಗೆ ಹೇಳುತ್ತೇನೆ ಎಂದೆ. ಅವರು ನನ್ನ ಮುಖ ನೋಡಲಿಲ್ಲ.

"ಅದಕ್ಕೆ ಸಹಿ ಹಾಕಿದವರು ಯಾರು? ನಾನು. ಓದದೆ ಹಾಕಿದೆ. ಅವನಿಗೂ ಹಾಗೇ ಹೇಳಿ ಬಂದಿದ್ದೇನೆ. ಈಗ ನಿನ್ನನ್ನು ಮುಂದೆ ತಳ್ಳಿ ನಾನು ಹಿಂದೆ ಅವಿತುಕೊಳ್ಳಲೇ? ಹೋಗು ಮಾ, ಚಾ ಆರಿತು."

ನನಗೆ ಸಮಾಧಾನವಾಯಿತು. ಅದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ. ಅವರು ಬೇಡವೆಂದರು, ನಾನು ಬಚಾವಾದೆ. ಅವರ ಮಾತು ಮೀರಿ ಲೋಕಲ್ ಹತ್ತಿ ಹೋಗಲು ನನಗೆ ಎರಡು ಕಾಲಿದ್ದವು, ಹೋಗಲಿಲ್ಲ.

ಹನ್ನೊಂದು ವರ್ಷ ಹಾಗೇ ಕಳೆಯಿತು. ಮಾಸ್ತರು ಒಬ್ಬರೇ ಕೆಲಸ ಮುಂದುವರಿಸಿದರು. ಮುಂದುವರಿಸಿದರು ಎಂದರೆ ಏನು, ಕಟ್ಟುವುದು, ಕೆಂಪು ಹಾಕುವುದು, ಏಳು ದಿನ ಬಿಟ್ಟು ಗೋಣಿ ತೆಗೆದರೆ ಮೈತುಂಬ ಕೂದಲಿನಂಥ ಬಿರುಕು. ಕೈ ಎಲ್ಲಿ ನಿಂತಿತೋ ಅಲ್ಲೊಂದು ಗೆರೆ. ಒಬ್ಬರ ಎರಡು ಕೈಗೆ ಅಷ್ಟು ಹೊತ್ತು ನಿಲ್ಲದೆ ಓಡಲು ಆಗುತ್ತಿರಲಿಲ್ಲ. ಬೇರೆ ಮಿಸ್ತ್ರಿಯನ್ನು ಕರೆಯಿರಿ ಎಂದು ಅಪ್ಪಯ್ಯ ಹೇಳಿದರೆ, "ಇರಲಿ, ಬಿರುಕೇ ಚಂದ" ಎನ್ನುವರು. ಯಾರ ಮಾತದು ಎಂದು ನಮಗೆಲ್ಲ ಗೊತ್ತಿತ್ತು. ಒಡೆದು ಹಾಕಿದ್ದು ಅಂಗಳದ ಮೂಲೆಯಲ್ಲಿ ರಾಶಿ ಬಿತ್ತು. ಮಳೆಗಾಲದಲ್ಲಿ ಆ ರಾಶಿಯಿಂದ ಕೆಂಪು ನೀರು ಹರಿದು ನಮ್ಮ ಅಡುಗೆಮನೆಯ ಮೆಟ್ಟಿಲಿಗೆ ಬರುತ್ತಿತ್ತು, ನಾನು ಬಕೆಟ್ಟು ತಂದು ತೊಳೆಯುತ್ತಿದ್ದೆ.

ನೆಲ ಒರೆಸುವ ಹೆಂಗಸನ್ನು ಕೊಳ್ಳಲು ಕೆಲವರು ಬಂದಿದ್ದರು. ಮಾಸ್ತರು ಕೊಡಲಿಲ್ಲ. ಅದನ್ನು ಗೋಣಿಯಲ್ಲಿ ಸುತ್ತಿ, ಒಂದು ಚಳಿಗಾಲದ ಬೆಳಿಗ್ಗೆ ಟೆಂಪೋ ಹತ್ತಿಸಿ ಮಿಸ್ತ್ರಿಚಾಚಾನ ಊರಿಗೆ ಕಳಿಸಿದರು. ಅದು ವಾಪಸು ಬರಲಿಲ್ಲ, ಉತ್ತರವೂ ಬರಲಿಲ್ಲ.

ನಾನು ಓದು ಮುಗಿಸಿ ಅಪ್ಪಯ್ಯನ ಹಾಗೆ ಬ್ಯಾಂಕು ಸೇರಿದೆ. ಒಂದು ಬುಧವಾರ ಬೆಳಿಗ್ಗೆ ಮಾಸ್ತರು ಶಾಲೆಗೆ ಹೊರಟವರು, ಅಂಗಳದ ನಲ್ಲಿಯ ಹತ್ತಿರ ಗೋಡೆ ಹಿಡಿದು ಕೂತರು. ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು. ತಮ್ಮನ ಮಗ ಬಂದು ಕೇವಡಾತಲಾ ಘಾಟಿನಲ್ಲಿ ಬೆಂಕಿ ಕೊಟ್ಟ. ಸಂಜೆ ನಾವು ಮರಳಿ ಬಂದಾಗ ಶೆಡ್ಡಿನ ಬಾಗಿಲು ತೆರೆದೇ ಇತ್ತು. ಒಳಗೆ ನಡುವೆ ಏನೋ ಗೋಣಿ ಹೊದ್ದು ಕೂತಿತ್ತು. ಮುಟ್ಟಿ ನೋಡಿದೆ, ಗೋಣಿ ಒಣಗುತ್ತಾ ಬಂದಿತ್ತು. ಸೋಮವಾರ ಇಡೀ ಮಧ್ಯಾಹ್ನ ಶೆಡ್ಡಿನಿಂದ ಕರಣೆಯ ಸದ್ದು ಬಂದದ್ದು ನೆನಪಾಯಿತು. ಅಂದರೆ ಇನ್ನೂ ಮೂರನೇ ದಿನ. ನಾನು ನಲ್ಲಿಯಿಂದ ನೀರು ತಂದು ಸುರಿದೆ. ಸುರಿಯುತ್ತಿರುವಾಗಲೇ, ಇದು ನಾನು ಮಾಡುವ ಕೆಲಸವಲ್ಲ ಎನಿಸಿತು.

ಮರುದಿನ ಬ್ಯಾಂಕಿಗೆ ರಜೆ ಹಾಕಿ, ಅವರು ಬರುವ ಲೋಕಲ್ಲಿನ ಹೊತ್ತಿಗೆ ಸಿಯಾಲ್ದಾದ ದಕ್ಷಿಣದ ಪ್ಲಾಟ್‌ಫಾರ್ಮಿನಲ್ಲಿ ನಿಂತೆ. ಆ ಜನಸಾಗರದಲ್ಲಿ ಸಿಗಲಿಲ್ಲ. ಅವರೂರಿನ ಒಬ್ಬ ಮೀನಿನ ಹೆಂಗಸು, ಸೆಕ್ಟರ್ ಫೈವ್‌ನಲ್ಲಿ ಹೊಸ ಕಟ್ಟಡಕ್ಕೆ ನೆಲ ಹಾಕುತ್ತಿದ್ದಾರೆ ಎಂದಳು. ಬಸ್ಸು ಹಿಡಿದು ಹೋದೆ. ಗಾಜಿನ ಗೋಡೆಗಳ ನಡುವೆ, ಮೂರನೇ ಮಹಡಿಯಲ್ಲಿ, ಟೈಲ್ಸು ಕೂರಿಸುವವರಿಗೆ ಮಟ್ಟ ನೋಡಿ ಹೇಳುತ್ತಾ ಅವರು ಕೂತಿದ್ದರು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಹಿಮ್ಮಡಿಯೂ ಬೂದಿ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ಗುರುತು ಹಿಡಿದರು. ಮಾಸ್ತರು ಹೋದರು ಎಂದೆ. ಅವರು ಕೈಲಿದ್ದ ಮಟ್ಟಗೋಲನ್ನು ಟೈಲ್ಸಿನ ಮೇಲೆ ಅಡ್ಡ ಮಲಗಿಸಿದರು.

"ಯಾವಾಗ ಹಾಕಿದ್ದು?" ಎಂದರು ಆಮೇಲೆ.

ನನಗೆ ಅರ್ಥವಾಗಲಿಲ್ಲ.

"ಅವರು ಖಾಲಿ ಕೂರುವವರಲ್ಲ. ಏನೋ ಹಾಕಿರುತ್ತಾರೆ. ಎಷ್ಟು ದಿನವಾಯಿತು?"

"ಇವತ್ತಿಗೆ ನಾಲ್ಕು."

ಅವರು ಎದ್ದು ಕೈ ತೊಳೆದುಕೊಂಡರು.

ಆಮೇಲೆ ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು, ಸಂಜೆ ಮುಗಿಸಿದ ಮೇಲೆ ಬಂದು ನೀರು ಕುಡಿಸಿ ಹೋದರು. ಗೋಣಿ ತೆಗೆದು ನೋಡಲಿಲ್ಲ. ಏಳು ದಿನದೊಳಗೆ ನೋಡುವ ಪದ್ಧತಿಯಿಲ್ಲ. ಆರನೇ ದಿನ ಬೆಳಿಗ್ಗೆ ನಾನು ಶೆಡ್ಡಿನ ಬಾಗಿಲಲ್ಲಿ ನಿಂತು, ಹನ್ನೊಂದು ವರ್ಷ ನುಂಗಿಕೊಂಡಿದ್ದನ್ನು ಹೇಳಿದೆ. ಚೀಟಿಯಲ್ಲಿ ಎರಡು ಹೆಸರಿತ್ತು, ನಿಮ್ಮದೇ ಮೇಲಿತ್ತು, ಬದಲಿಸಿದ್ದು ನಾನು, ಮಾಸ್ತರು ಓದಿರಲಿಲ್ಲ ಎಂದೆ. ಅವರು ಬಕೆಟ್ಟು ಕೆಳಗಿಟ್ಟರು.

"ಮಾಸ್ಟರ್‌ಬಾಬು ತಮ್ಮದೇ ತಪ್ಪು ಎಂದಿದ್ದರು."

"ಅವರು ನನಗೆ ಹೇಳಗೊಡಲಿಲ್ಲ."

"ನಿನಗೆ ನಾಲಿಗೆ ಇತ್ತಲ್ಲ ಖುಕಿ." ದನಿ ಏರಲಿಲ್ಲ. "ಹೆಸರು ಬಿಟ್ಟಿದ್ದು ಹೋಗಲಿ. ನಾನು ಓದು ಎಂದೆ, ನೀನು ಓದಿದೆ. ರೈಲಿನಲ್ಲಿ ಪಕ್ಕದವರಿಗೆಲ್ಲ ಆ ಪುಸ್ತಕ ತೋರಿಸಿ ಹೇಳಿದೆ, ಇದರಲ್ಲಿ ನನ್ನ ಹೆಸರು ಮೊದಲಿದೆ ಅಂತ. ಊರಿಗೆಲ್ಲ ಹೇಳಿದ ಮೇಲೆ ಮಗಳು ಓದಿದಳು."

ಅವರು ಮತ್ತೆ ಬಕೆಟ್ಟು ಎತ್ತಿ ಉಳಿದ ನೀರನ್ನು ನಿಧಾನವಾಗಿ ಸುರಿದರು.

"ಹನ್ನೊಂದು ವರ್ಷ ನಾನು ಅವರ ಮೇಲೆ ಸಿಟ್ಟಿಟ್ಟುಕೊಂಡೆ. ಈಗ ಅದನ್ನು ಎಲ್ಲಿಡಲಿ?" ಎಂದರು. ನನ್ನನ್ನು ಕೇಳಿದ್ದಲ್ಲ.

ಕೊನೆಯ ದಿನ ಭಾನುವಾರವಾಗಿತ್ತು. ಅಮ್ಮನೂ ಅಪ್ಪಯ್ಯನೂ ಶೆಡ್ಡಿಗೆ ಬಂದರು. ಮಿಸ್ತ್ರಿಚಾಚಾ ಗೋಣಿ ಸರಿಸಿದರು. ಒಂದು ಜಗಲಿಕಟ್ಟೆಯ ತುಂಡು. ಅದರ ಅಂಚಿನಿಂದ ನಾಲ್ಕು ಪಾದ ಇಳಿಬಿದ್ದಿವೆ, ಮೊಣಕಾಲಿನವರೆಗೆ ಮಾತ್ರ, ಮೇಲೆ ಯಾರೂ ಇಲ್ಲ. ಒಂದು ಜೊತೆಯ ಬೆರಳುಗಳು ಕುಣಿಯುವಂತೆ ಮೇಲೆತ್ತಿವೆ. ಇನ್ನೊಂದು ಜೊತೆ ಹಿಂದಕ್ಕೆ ಸರಿದಿದೆ, ಅದರ ಎಡಗಾಲಿನ ಕಿರುಬೆರಳಿಗೆ ಉಗುರಿಲ್ಲ. ಮೈತುಂಬ ಬಿರುಕು. ಹಿಮ್ಮಡಿಯ ಹತ್ತಿರ ಕೈ ನಿಂತ ಗೆರೆಗಳು.

ಅಮ್ಮ ಒಳಗೆ ಹೋಗಿ ಎಣ್ಣೆ ಬಟ್ಟಲು, ತೆಂಗಿನ ಸಿಪ್ಪೆ ತಂದು ಅವರ ಮುಂದೆ ಇಟ್ಟಳು. ಮಿಸ್ತ್ರಿಚಾಚಾ ಸಿಪ್ಪೆ ಕೈಗೆತ್ತಿಕೊಂಡರು, ಬಿರುಕಿನ ಮೇಲೆ ಬೆರಳಾಡಿಸಿದರು, ಮತ್ತೆ ಸಿಪ್ಪೆಯನ್ನು ಕೆಳಗಿಟ್ಟರು.

"ಇದನ್ನು ಹೀಗೇ ಬಿಡಿ, ಮಾಸಿಮಾ."

ನಾನು ಚಾ ಮಾಡಿ ತಂದೆ. ಒಳಗಿನ ಕಪ್ಪಿನಲ್ಲಿ, ಬಸಿಯ ಮೇಲಿಟ್ಟು. ಅವರು ಅಂಗಳದ ಮೆಟ್ಟಿಲ ಮೇಲೆ ಕೂತು ಕುಡಿದರು. ಇದರ ಪಕ್ಕದಲ್ಲಿ ಒಂದು ಫಲಕ ಹಾಕಿಸುತ್ತೇನೆ ಚಾಚಾ, ಎರಡು ಹೆಸರು ಬರೆಸುತ್ತೇನೆ, ನಿಮ್ಮದು ಮೊದಲು ಎಂದೆ. ಕೈಮುಗಿದೇ ಹೇಳಿದೆ. ಅವರು ಶೆಡ್ಡಿನ ಕಡೆ ನೋಡಿದರು.

"ಕಾಲು ನನ್ನದೇ. ಆದರೆ ಇದರಲ್ಲಿ ನನ್ನ ಕೈ ಇಲ್ಲ. ಅವರ ಹೆಸರೊಂದೇ ಬರೆ" ಎಂದರು. "ಈ ಸಲ ಅದೇ ಸರಿ."

ಆಮೇಲೆ ಎದ್ದು, ನಾನು ಬೇಡ ಬೇಡ ಎನ್ನುತ್ತಿದ್ದಂತೆ, ಆ ಕಪ್ಪನ್ನೂ ಬಸಿಯನ್ನೂ ನಲ್ಲಿಯಲ್ಲಿ ತೊಳೆದು, ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಬೋರಲು ಹಾಕಿ ಹೋದರು.